ಹಂದಿ ತಲೆಯ ತಕರಾರು

ಕಾಕಾ ತೀರಿಕೊಂಡ ಮೇಲೆ ನನ್ನ ಅಂಗಡಿಯಲ್ಲಿ ನೋವಿನ ಮುಲಾಮು ಖರ್ಚಾಗುವುದು ಕಡಿಮೆಯಾಗಿದೆ. ಸತ್ತವರ ಬಗ್ಗೆ ಬರೆಯಲು ಕುಳಿತು ಇಂಥ ಮಾತಿನಿಂದ ಶುರು ಮಾಡಬಾರದು ಎಂದು ನನಗೂ ಗೊತ್ತು. ಆದರೆ ಅವರೇ ಇದ್ದಿದ್ದರೆ ಇದನ್ನೇ ಮೊದಲು ಬರೆ ಎನ್ನುತ್ತಿದ್ದರು. ತಮ್ಮ ಬಲಭುಜದ ಮೇಲೆ ಅವರಿಗೆ ಅಷ್ಟು ಅಭಿಮಾನ. ಊರಿನ ಉಳಿದ ಮುದುಕರಿಗೆ ಭುಜ ನೋಯುವುದು ವಯಸ್ಸಾಗಿ. ಕಾಕಾನ ಭುಜ ನೋಯುವುದು ಬಿಲ್ಲು ಎಳೆದು ಎಳೆದು. ಮುಲಾಮು ಕೊಂಡು, ಅಂಗಡಿಯ ಮುಂದಿನ ಕಟ್ಟಿಗೆಯ ಬಾಕಿನ ಮೇಲೆ ಕುಳಿತು, ಅಂಗಿಯ ಗುಂಡಿ ಬಿಚ್ಚಿ ಎಲ್ಲರ ಎದುರಿಗೇ ತಿಕ್ಕಿಕೊಳ್ಳುತ್ತ, "ಇದು ಹಂದಿ ನೋವು" ಎನ್ನುತ್ತಿದ್ದರು. ಪಕ್ಕದಲ್ಲಿ ಜ್ವರದ ಗುಳಿಗೆಗೆ ಬಂದು ನಿಂತವನು ಯಾವ ಹಂದಿ ಎಂದು ಕೇಳಿದನೋ, ಅವನ ಕಥೆ ಮುಗಿದಂತೆ. ಹಾಗೆ ಸಿಕ್ಕಿಬಿದ್ದವರು ಹೋಗುವಾಗ ತಮ್ಮ ತಲೆನೋವಿಗೂ ಅದೇ ಮುಲಾಮಿನ ಡಬ್ಬಿ ಒಯ್ಯುತ್ತಿದ್ದರು.

ನಮ್ಮದು ಬಸವನ ಬಾಗೇವಾಡಿಯಲ್ಲಿ ಬಸ್ ನಿಲ್ದಾಣದ ಹತ್ತಿರದ ಔಷಧದ ಅಂಗಡಿ. ನಾನು ಬೆಳೆದ ಮನೆಯಲ್ಲಿ ತತ್ತಿ ಎಂಬ ಶಬ್ದ ಬಾಯಿಂದ ಬಂದರೂ ಅಜ್ಜಿ ಬಾಯಿ ಮುಕ್ಕಳಿಸಿ ಬಾ ಎನ್ನುತ್ತಿದ್ದಳು. ಅಂಥ ನಾನು ಇವತ್ತು ಕಾಡುಹಂದಿಯನ್ನು ಎಲ್ಲಿಂದ ಎಲ್ಲಿಗೆ ಕೊಯ್ಯಬೇಕು, ಮೊಲದ ಚರ್ಮ ಯಾವ ಕಾಲಿನಿಂದ ಸುಲಿಯಬೇಕು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಎಲ್ಲ ಕಾಕಾನ ಕೃಪೆ. ಕಾಕಾ ಎಂಬುದು ಬರೀ ಕರೆಯುವ ರೂಢಿ, ನಮಗೆ ಬಳಗವಲ್ಲ. ಅವರ ಊರು ಮಸೂತಿಯ ಕಡೆ. ಬೆಳಗಿನ ಬಸ್ಸಿಗೆ ಬಂದು, ನನ್ನ ಬಾಕಿನ ಮೇಲೆ ಕುಳಿತು, ಮಧ್ಯಾಹ್ನದ ಬಸ್ಸಿಗೆ ಹೋಗುವರು. ಕೆಲಸವೇನೂ ಇರಲಿಲ್ಲ. ಹೊಲವನ್ನು ಮಗನ ಕೈಗೆ ಒಪ್ಪಿಸಿ ಆಗಿತ್ತು. ಮನೆಯಲ್ಲಿ ಕಾಕಿ ಇವರ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಹೀಗಾಗಿ ಕೇಳುವವರನ್ನು ಹುಡುಕಿಕೊಂಡು ಅವರು ತಾಲೂಕಿನ ಊರಿಗೇ ಬರಬೇಕಾಯಿತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ತಂಗಡಗಿಯಲ್ಲಿರುವ ಅವರ ದೋಸ್ತನ ಹೆಸರನ್ನೂ ಬರೆಯಬೇಕಾಗುತ್ತದೆ. ಆಗ ಯಾರ ಹೆಸರು ಮೊದಲು ಎಂಬ ತಕರಾರು ಏಳುತ್ತದೆ. ಇರುವ ತಕರಾರೇ ಸಾಕಾಗಿದೆ.

ಬಾಕಿನ ಮೇಲೆ ನಿವೃತ್ತ ಮಾಸ್ತರರು, ನಿವೃತ್ತ ತಲಾಠಿಗಳು ಬಂದು ಕೂರುವುದಿತ್ತು. ಅವರ ನಡುವೆ ಕಾಕಾ ಎದೆ ಮುಂದೆ ಮಾಡಿ, "ನಾನೂ ರಿಟೈರ್ಡ್ ಮನಷ್ಯಾನ ಅದೇನಿ. ಪೆನ್ಶನ್ ಒಂದ ಇಲ್ಲ" ಎನ್ನುವರು. ಯಾವ ಖಾತೆ ಎಂದು ಹೊಸಬರು ಕೇಳಿದರೆ, "ಬ್ಯಾಟಿ ಖಾತೆ" ಎಂದು ಮೀಸೆ ತಿರುವುವರು. ಹರೆಯದಲ್ಲಿ ಅವರು ಬಿಲ್ಲು ಹಿಡಿದು ಬೇಟೆಯಾಡಿದ್ದು ಖರೆ. ಡೋಣಿ ಹೊಳೆಯ ದಂಡೆಗುಂಟ ಮೊಲ, ಕೌಜುಗ, ಒಮ್ಮೊಮ್ಮೆ ಹಂದಿ. ಸರಕಾರ ಬೇಟೆಯನ್ನು ಬಂದ್ ಮಾಡಿದ ಮೇಲೆ ಬಿಲ್ಲನ್ನು ಗೋಡೆಗೆ ತೂಗುಹಾಕಿದರು. ಈ ನಿವೃತ್ತಿಯ ಬಗ್ಗೆ ಎರಡು ಕಥೆಗಳಿವೆ. ಕಾಕಾ ಹೇಳುವುದು, ಕಾನೂನು ಬರುವ ಮೊದಲೇ ತಮ್ಮ ಮನಸ್ಸಿಗೆ ಸಾಕು ಅನಿಸಿ ಬಿಟ್ಟೆ ಎಂದು. ತಂಗಡಗಿಯವರು, ಅಂದರೆ ಆ ದೋಸ್ತ, ಹೇಳುವುದು, ಅರಣ್ಯ ಇಲಾಖೆಯ ಗಾರ್ಡ್ ಊರಿಗೆ ಬಂದ ದಿನ ಇವರು ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕು ಸಂಜೆಯವರೆಗೆ ಕುಳಿತಿದ್ದರು, ಹೊರಗೆ ಬಂದಾಗ ಮೈತುಂಬ ತುರಿಕೆ ಎದ್ದಿತ್ತು, ಆ ತುರಿಕೆಯೇ ಇವರನ್ನು ರಿಟೈರ್ ಮಾಡಿಸಿತು ಎಂದು. ಔಷಧದ ಅಂಗಡಿಯವನಾಗಿ ನನಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ ಅನಿಸುತ್ತದೆ.

ಇನ್ನು ಆ ಹಂದಿಯ ವಿಷಯ. ಅದನ್ನು ಹೇಳದೆ ಕಾಕಾನ ಬಗ್ಗೆ ಬರೆದರೆ ಉಪ್ಪಿಲ್ಲದ ಅಡುಗೆಯಾದೀತು.

ಅವರ ಕಡೆಯ ಬೇಟೆಗಾರರಲ್ಲಿ ಒಂದು ಕಾಯಿದೆಯಿತ್ತು. ಎಷ್ಟೇ ಜನ ಕೂಡಿ ಹೊಡೆದರೂ ಮಾಂಸ ಸಮಪಾಲು. ಬೆನ್ನಟ್ಟಿದ ನಾಯಿಗೊಂದು ಪಾಲು, ಸುಮ್ಮನೆ ದಾರಿಯಲ್ಲಿ ನಿಂತು ನೋಡಿದವನಿಗೂ ಒಂದು ಹಿಡಿ. ಆದರೆ ತಲೆ ಮಾತ್ರ, ಯಾರು ಮೊದಲು ಮುಟ್ಟಿಸಿದರೋ ಅವರದು. ಮೊದಲ ಬಾಣ ಯಾರದು ಬಡಿಯಿತೋ ಅವರ ಮನೆಗೆ ತಲೆ ಇಡಿಯಾಗಿ ಹೋಗಬೇಕು. ತಲೆಯನ್ನು ಎರಡು ಮನೆಗೆ ಹಂಚುವ ಹಾಗಿಲ್ಲ. ಯಾರ ಬಾಣ ಎಂದು ಗುರುತು ಸಿಗಲೆಂದು ಗರಿಯ ಬುಡಕ್ಕೆ ಬಣ್ಣದ ದಾರ ಸುತ್ತುತ್ತಿದ್ದರು. ಕಾಕಾನದು ಕೆಂಪು, ತಂಗಡಗಿಯವರದು ಹಸಿರು.

ಒಂದು ದಿನ ಇವರಿಬ್ಬರೇ, ಜೊತೆಗೆ ಒಂದು ನಾಯಿ, ಡೋಣಿಯ ದಂಡೆಯಲ್ಲಿ ಒಂದು ದೊಡ್ಡ ಹಂದಿಯನ್ನು ಕೆಡವಿದರು. ಹತ್ತಿರ ಹೋಗಿ ನೋಡಿದರೆ ಕುತ್ತಿಗೆಯಲ್ಲಿ ಕೆಂಪು ಬಾಣ, ಪಕ್ಕೆಯಲ್ಲಿ ಹಸಿರು ಬಾಣ. ಎರಡೂ ಬಡಿದಿದ್ದವು. ಮೊದಲು ಬಡಿದದ್ದು ಯಾವುದು? ಕಾಕಾನ ವಾದ, ಕುತ್ತಿಗೆಗೆ ಪೆಟ್ಟು ಬಿದ್ದದ್ದಕ್ಕೇ ಹಂದಿ ತಿರುಗಿತು, ತಿರುಗಿದ್ದಕ್ಕೇ ಪಕ್ಕೆ ಸಿಕ್ಕಿತು. ದೋಸ್ತನ ವಾದ, ಪಕ್ಕೆಗೆ ಬಿದ್ದದ್ದಕ್ಕೇ ಹಂದಿ ಕುತ್ತಿಗೆ ಎತ್ತಿತು, ಎತ್ತಿದ್ದಕ್ಕೇ ಇವನಂಥವನ ಬಾಣವೂ ಬಡಿಯಿತು. ಊರಿಗೆ ತಂದು, ಮಾಂಸ ಹಂಚಿ, ತಲೆಯನ್ನು ಕಲ್ಲಿನ ಮೇಲಿಟ್ಟು ವಾದಕ್ಕೆ ಕುಳಿತರು. ಹಿರಿಯರು ಬಂದರು, ಎಳೆ ಎಳೆಯಾಗಿ ಕೇಳಿದರು. ಸಾಕ್ಷಿ ಎಂದರೆ ನಾಯಿಯೊಂದೇ. ಹೊತ್ತು ಮುಳುಗುವ ಹೊತ್ತಿಗೆ ಯಾರೋ ಕಲ್ಲಿನ ಕಡೆ ನೋಡುತ್ತಾರೆ, ತಲೆ ಇಲ್ಲ. ಸಾಕ್ಷಿ ಅದನ್ನು ಎಳೆದೊಯ್ದು ಹಿತ್ತಲಲ್ಲಿ ಕುಳಿತು ತನಿಖೆ ಮುಗಿಸಿತ್ತು.

ತಲೆ ಹೋಯಿತು, ತಕರಾರು ಉಳಿಯಿತು. ಆಗ ಇಬ್ಬರಿಗೂ ಮೀಸೆ ಚಿಗುರುತ್ತಿದ್ದ ವಯಸ್ಸು. ನಾನು ಕಂಡಾಗ ಇಬ್ಬರ ಮೀಸೆಯೂ ಬೆಳ್ಳಗಾಗಿತ್ತು. ಕಾಕಿ ಒಮ್ಮೆ ನನ್ನ ಮುಂದೆ ಅಂದದ್ದುಂಟು: "ಆ ಹಂದಿ ಹೊಳಿ ದಂಡ್ಯಾಗ ಸತ್ತತಂತ. ನಮ್ಮ ಮನ್ಯಾಗ ಇನ್ನೂ ಸಾಯವಲ್ದು ನೋಡ್ರಿ."

ತಂಗಡಗಿಯವರು ಮುದ್ದೇಬಿಹಾಳದ ಮೇಲೆ ಹಾಯ್ದು ಆಗಾಗ ಬಾಗೇವಾಡಿಗೆ ಬರುತ್ತಿದ್ದರು. ಬೀಜಕ್ಕೆ, ಔಷಧಕ್ಕೆ ಎಂದು ನೆಪ. ಅವರು ಕುಳ್ಳಗೆ, ದಪ್ಪಗೆ, ಮಾತು ಬಹಳ ಕಡಿಮೆ. ಕಾಕಾ ಬಾಕಿನ ಮೇಲೆ ಯಾರಿಗೋ ಹಂದಿಯ ಕಥೆ ಹೇಳುತ್ತ ಕೆಂಪು ಬಾಣ ಬಿಡುವ ಹೊತ್ತಿಗೆ ಸರಿಯಾಗಿ ಇವರು ಚೀಲ ಹಿಡಿದು ಬಂದು ನಿಲ್ಲುವರು. ಒಂದೇ ಮಾತು ಅನ್ನುವರು: "ಹಸರ."

ಅಷ್ಟು ಸಾಕು. ಕಾಕಾ ಎದ್ದು ನಿಂತು, "ಲೇ, ನಿನ್ನ ಕಣ್ಣಾಗ ಹಸರ ಬೆಳದೈತಿ, ಡಾಕ್ಟರಿಗೆ ತೋರಸ್ಕೊ ಹೋಗ" ಎಂದು ಶುರು ಮಾಡಿದರೆ, ಆ ಕಡೆಯಿಂದ ಮತ್ತೆ ತಣ್ಣಗೆ, "ಹಸರ." ಬಸ್ಸಿಗೆ ಕಾಯುವ ಜನ ಬಸ್ಸು ಬಿಟ್ಟು ನೋಡುತ್ತ ನಿಲ್ಲುವರು. ಕೊನೆಗೆ ನಾನು ಚಹಾ ತರಿಸುತ್ತಿದ್ದೆ. ಬಂದ ಚಹಾವನ್ನು ಬಸಿಗೆ ಸುರುವಿ ಕಾಕಾ ಮೊದಲು ದೋಸ್ತನ ಕೈಗೆ ಕೊಡುವರು. ಚಹಾದಲ್ಲಿ ಮೊದಲು ಯಾರು ಎಂಬ ಪ್ರಶ್ನೆ ಎಂದೂ ಬರಲಿಲ್ಲ.

ಬೇಟೆಯ ಸರಂಜಾಮಿನ ಬಗ್ಗೆ ಕಾಕಾನ ಮಾತು ಕೇಳಬೇಕು. ಬಿಲ್ಲಿಗೆ ಬಿದಿರು ಗಟ್ಟಿಯಿರಬೇಕು, ಆದರೆ ಹಟಮಾರಿ ಇರಬಾರದು. ಹೆದೆಗೆ ಪುಂಡಿಯ ನಾರು. ಬಾಣದ ಅಲಗನ್ನು ಸಿಂದಗಿಯ ಒಬ್ಬ ಕಂಬಾರನೇ ಬಡಿದು ಕೊಡಬೇಕು, ಅದೂ ಹಳೆಯ ಕುರ್ಚಿಗೆಯ ಕಬ್ಬಿಣದಿಂದ. ಹೊಲದಲ್ಲಿ ಕಸ ಕಿತ್ತ ಕಬ್ಬಿಣಕ್ಕೆ ನೆಲದ ದಾರಿ ಗೊತ್ತಿರುತ್ತದೆ ಎಂಬುದು ಅವರ ಸಿದ್ಧಾಂತ. ಬೇಟೆಗೆ ಹೊರಡುವ ಮೊದಲು ಮನುಷ್ಯನ ವಾಸನೆ ಹೋಗಲೆಂದು ಅಂಗೈಗೆ ನಿಂಬೆಹಣ್ಣು ತಿಕ್ಕಿಕೊಳ್ಳಬೇಕು. ನಿಂಬೆ ಇಂಡಿಯ ಕಡೆಯದೇ ಆಗಬೇಕು. ಬೇರೆ ಕಡೆಯ ನಿಂಬೆ ತಿಕ್ಕಿಕೊಂಡರೆ ಏನಾಗುತ್ತದೆ ಎಂದು ಕೇಳಿದೆ. "ಹಂದಿ ನಗತೈತಿ" ಎಂದರು.

ಮಗನ ಮೊಬೈಲಿನಲ್ಲಿ ಯಾವುದೋ ಪರದೇಶದವರು ಬಿಲ್ಲಿನಿಂದ ಬೇಟೆಯಾಡುವ ವಿಡಿಯೊ ನೋಡಿದ ಮೇಲೆ ಅವರು ಒಂದು ವಾರ ಬೇರೆ ಮಾತೇ ಆಡಲಿಲ್ಲ. "ತಮ್ಮಾ, ಆ ಬಿಲ್ಲಿಗೆ ಗಾಲಿ ಅದಾವ! ಮ್ಯಾಲೊಂದ, ಕೆಳಗೊಂದ. ಬಿಲ್ಲೋ ಸೈಕಲ್ಲೋ ತಿಳೀಲಿಲ್ಲ. ಮತ್ತ ಅಂವ ಗಿಡದ ಎಲಿ ಬರದಿದ್ದ ಅರಿವಿ ತೊಟ್ಕೊಂಡ ಗಿಡದ ಮ್ಯಾಲ ಖುರ್ಚಿ ಹಾಕ್ಕೊಂಡ ಕುಂತಾನ. ಖುರ್ಚಿ! ಬ್ಯಾಟಿಗೆ ಬಂದಾನೋ ಕಟಿಂಗ್ ಮಾಡಸಾಕ ಬಂದಾನೋ?" ಎಲ್ಲಕ್ಕಿಂತ ಅವರನ್ನು ಕೆಣಕಿದ್ದು, ಆ ಮನುಷ್ಯ ಹೊಡೆದ ಮೇಲೆ ಕ್ಯಾಮೆರಾ ಕಡೆ ತಿರುಗಿ ಅತ್ತದ್ದು. "ಸಂತೋಷಕ್ಕ ಅಳಾಕತ್ತೇನಿ ಅಂತಂತ. ಅಳಾಂವ ಹೊಡೀಬಾರದು, ಹೊಡದಾಂವ ಅಳಬಾರದು." ಇಷ್ಟು ಬೈದ ಮೇಲೆ, ಆ ಗಾಲಿಯ ಬಿಲ್ಲು ವಿಜಯಪುರದಲ್ಲಿ ಸಿಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

ಇವರ ಜ್ಞಾನವನ್ನು ಪರೀಕ್ಷಿಸುವ ಅವಕಾಶ ನನಗೊಮ್ಮೆ ಸಿಕ್ಕಿತು. ಅವರ ಹೊಲದ ಆಚೆಯ ಬಯಲಿಗೆ ಚಿಗರಿಗಳು ಬರುತ್ತವೆ, ನೋಡು ಬಾ ಎಂದು ಕರೆದರು. ಕೊಲ್ಲುವುದಲ್ಲ, ಬರೀ ನೋಡುವುದು. ನಸುಕಿನಲ್ಲೇ ಹೋದೆ. ಕಾಕಾ ಕಂಬಳಿ ಹೊದ್ದು, ಕೋಲು ಹಿಡಿದು, ಕಟಕ ರೊಟ್ಟಿಯ ಗಂಟು ಕಟ್ಟಿಕೊಂಡು ತಯಾರಾಗಿದ್ದರು. ದಾರಿಗುಂಟ ಪಾಠ. ಹೆಜ್ಜೆಯನ್ನು ಹಿಮ್ಮಡಿಯಿಂದ ಇಡಬೇಡ, ಗಾಳಿಗೆ ಎದುರಾಗಿ ನಡೆ, ಕೆಮ್ಮು ಬಂದರೆ ನುಂಗು, ಬೇಟೆಯವನು ಉಳ್ಳಾಗಡ್ಡಿಯನ್ನು ಕೈಯಿಂದಲೂ ಮುಟ್ಟಬಾರದು. ಒಡ್ಡಿನ ಹಿಂದೆ ಹೊಟ್ಟೆಯ ಮೇಲೆ ಮಲಗಿದೆವು. ಬಿಸಿಲು ಏರುವ ಹೊತ್ತಿಗೆ ನಿಜವಾಗಿಯೂ ಚಿಗರಿಗಳು ಬಂದವು. ಮುಂದೆ ಒಂದು ಕಪ್ಪು ಗಂಡು, ತಿರುಚಿದ ಕೋಡು, ಹಿಂದೆ ಹೆಣ್ಣುಗಳು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಕಾಕಾನ ಕಂಬಳಿಯೊಳಗಿಂದ ಮೊಬೈಲು ಒಮ್ಮೆಲೇ ಡೊಳ್ಳು ಬಾರಿಸತೊಡಗಿತು. ಮಗ ಹಾಕಿಕೊಟ್ಟ ರಿಂಗ್‌ಟೋನು. ಅದನ್ನು ಬಂದ್ ಮಾಡಲು ಕಾಕಾನಿಗೆ ಬರುತ್ತಿರಲಿಲ್ಲ. ಚಿಗರಿಗಳು ಬಯಲಿನ ಆಚೆ ತುದಿಗೆ ಹೋಗಿ ಕರಗಿದವು.

ಕಾಕಾ ಎದ್ದು, ಮಣ್ಣು ಝಾಡಿಸಿಕೊಂಡು, ಗಂಭೀರವಾಗಿ ಅಂದರು: "ಗಾಳಿ ತಿರಗತು."

ಆಮೇಲೆ ರೊಟ್ಟಿಯ ಗಂಟು ಬಿಚ್ಚಿದರೆ ಅದರೊಳಗೆ ಶೇಂಗಾ ಚಟ್ನಿಯ ಜೊತೆ ಮುಷ್ಟಿಯಷ್ಟು ದೊಡ್ಡ ಉಳ್ಳಾಗಡ್ಡಿ ಇತ್ತು. ಗುದ್ದಿ ಒಡೆದು ಅರ್ಧ ನನಗೆ ಕೊಟ್ಟರು. ಆ ದಿನ ಒಡ್ಡಿನ ಮೇಲೆ ಕುಳಿತು ತಿಂದ ರೊಟ್ಟಿಯ ರುಚಿ ಮಾತ್ರ ಇನ್ನೂ ನಾಲಿಗೆಯ ಮೇಲಿದೆ.

ಊಟವಾದ ಮೇಲೆ ಅವರು ಬಹಳ ಹೊತ್ತು ಚಿಗರಿ ಹೋದ ದಿಕ್ಕಿಗೆ ನೋಡುತ್ತಿದ್ದರು. ನಾನು ಹೀಗೇ ಕೇಳಿದೆ, ಆ ಹಂದಿಯ ತಲೆಗೆ ಯಾಕೆ ಇಷ್ಟು ಹಟ ಕಾಕಾ, ಹೋಗಲಿ ಬಿಡಬಾರದೇ ಎಂದು. ಆಗ ಅವರು ಮಾತಾಡಿದ ದನಿ ಬಾಕಿನ ಮೇಲೆ ನಾನು ಎಂದೂ ಕೇಳಿದ್ದಲ್ಲ.

"ನಾ ಮನಿಗೆ ಎರಡನೇ ಮಗ. ಹೊಸಾ ಅಂಗಿ ಅಣ್ಣಗ, ಹಳೇದು ನನಗ. ಸಾಲಿಗೆ ಅಂವ ಹ್ವಾದ, ನಾ ದನಾ ಕಾಯ್ದೆ. ಹೊಲಾ ಪಾಲ ಆದಾಗ ಬಾಂವಿ ಇದ್ದದ್ದು ಅಂವಗ, ಕಲ್ಲ ಇದ್ದದ್ದು ನನಗ. ಬ್ಯಾಸರ ಇಲ್ಲ, ಪದ್ಧತಿನ ಹಂಗ ಇತ್ತು. ಖರೇ ಜನ್ಮದಾಗ ಒಂದ ಸಲ ನಾ ಮೊದಲ ಆಗೇನಿ, ತಮ್ಮಾ. ಒಂದ ಸಲ. ಅದನ್ನ ಕಣ್ಣಿಲೆ ಕಂಡಾಂವ ಆ ದೋಸ್ತ ಒಬ್ಬ. ಅಂವನ ಇಲ್ಲ ಅಂದ್ರ ನಾ ಯಾರಿಗೆ ಕೇಳ್ಲಿ?"

ಅಂದಿನಿಂದ ಹಂದಿಯ ಕಥೆಗೆ ನಾನು ನಗುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಆದರೆ ಆ ಮೇಲೆ ಅವರು ಕಥೆ ಶುರು ಮಾಡಿದಾಗ ಗಿರಾಕಿಯನ್ನು ಕಾಯಲು ಬಿಟ್ಟು ಪೂರ್ತಿ ಕೇಳುತ್ತಿದ್ದೆ.

ಈಗ ಡೋಣಿಯ ದಂಡೆಯಲ್ಲಿ ಹಂದಿಗಳಿಗೇನೂ ಬರವಿಲ್ಲ. ಮೊದಲಿಗಿಂತ ಹೆಚ್ಚೇ ಇವೆ. ಶೇಂಗಾ, ಗೋವಿನಜೋಳ ಬಿತ್ತಿದವರ ಹೊಲಕ್ಕೆ ಹಿಂಡು ಹಿಂಡಾಗಿ ನುಗ್ಗಿ ಮೂಗಿನಿಂದ ಉತ್ತು ಹೋಗುತ್ತವೆ. ಹೊಡೆಯುವ ಹಾಗಿಲ್ಲ, ಹೊಡೆದರೆ ಜೈಲು. ಹಳ್ಳಿಯವರು ಸಲಹೆಗೆ ಕಾಕಾನ ಹತ್ತಿರ ಬರತೊಡಗಿದರು. ಅವರಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೆ? ಬಾಕಿನ ಮೇಲೆಯೇ ದರಬಾರು ನಡೆಯಿತು. ಹೊಲದ ಸುತ್ತ ಸೀರೆ ಕಟ್ಟುವುದು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಆದರೆ ಹಳೆಯ ಸೀರೆ ಕಟ್ಟುವುದೇ ತಪ್ಪು ಎಂದು ಕಾಕಾ ತೀರ್ಪು ಕೊಟ್ಟರು. ಹಳೆಯ ಸೀರೆಗೆ ಹೊಲದ್ದೇ ವಾಸನೆ ಹತ್ತಿರುತ್ತದೆ, ಹಂದಿ ಅಂಜುವುದಿಲ್ಲ, ಹೊಸ ಸೀರೆಯ ಗಂಜಿಯ ವಾಸನೆಗೆ ಅಂಜುತ್ತದೆ. ಮೊದಲ ಪ್ರಯೋಗವನ್ನು ತಮ್ಮ ಹೊಲದಲ್ಲೇ ಮಾಡಿದರು. ಕಾಕಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ, ಒಮ್ಮೆಯೂ ಉಡದ ಇಳಕಲ್ ಸೀರೆಯನ್ನು ಅವರಿಗೆ ಹೇಳದೆ ಒಯ್ದು ಕಟ್ಟಿದರು.

ಮರುದಿನ ಬೆಳಿಗ್ಗೆ ಸೀರೆ ಇರಲಿಲ್ಲ. ಹಂದಿ ಅದನ್ನು ಗೂಟದ ಸಮೇತ ಕಿತ್ತು ಹಳ್ಳದವರೆಗೆ ಎಳೆದೊಯ್ದಿತ್ತು. ಸೆರಗು ಒಂದು ಜಾಲಿಗೆ, ದಡಿ ಇನ್ನೊಂದು ಜಾಲಿಗೆ.

ಕಾಕಿ ಆ ದಿನ ಮೊದಲ ಸಲ ಬಾಗೇವಾಡಿಯ ಬಾಕಿನವರೆಗೆ ಬಂದರು. ಮಾಸ್ತರರು, ತಲಾಠಿಗಳು ಎಲ್ಲರೂ ಇದ್ದಂತೆಯೇ ಅಂದರು: "ನನಗ ಉಡಸಾಕ ಆಗಲಿಲ್ಲ. ಹಂದಿಗೆ ಉಡಿಸಿ ಕಳಿಸ್ಯಾರ ನೋಡ್ರಿ ಇವರು. ಮನ್ಯಾಗ ಒಂದ ಹಂದಿ ಇತ್ತು, ಈಗ ಹೊಲದಾಗೂ ಒಂದ ಸಂಬಂಧ ಬೆಳಸ್ಯಾರ." ಕಾಕಾ ಮುಲಾಮಿನ ಡಬ್ಬಿಯ ಮೇಲೆ ಬರೆದದ್ದನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ.

ಹಿಂದಿನ ವರ್ಷದ ಮಳೆಗಾಲದಲ್ಲಿ ಕಾಕಾ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿ, ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಇನ್ನು ಮನೆಯಲ್ಲೇ ಆರೈಕೆ ಮಾಡಿ ಎಂದು ಕಳಿಸಿದ್ದರು. ಊಟ ಬಿಟ್ಟಿದ್ದರು, ಮಾತು ಬಿಟ್ಟಿದ್ದರು. ಮಾತು ಬಿಟ್ಟದ್ದಕ್ಕೇ ಎಲ್ಲರಿಗೂ ಭಯವಾದದ್ದು. ಮಗ ತಂಗಡಗಿಗೆ ಫೋನು ಮಾಡಿದ. ಅವರು ಸಿಕ್ಕ ಬಸ್ಸು ಹಿಡಿದು ಬಂದರು. ಗುಳಿಗೆ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಕಾಕಿ ಅವರನ್ನು ಕಟ್ಟೆಯ ಮೇಲೆಯೇ ತಡೆದು ಕೈ ಮುಗಿದರು.

"ಅಣ್ಣಾ, ಒಂದ ಮಾತ ಅಂದಬಿಡ್ರಿ. ಅವರ ಬಾಣಾನ ಮೊದಲ ಬಡದಿತ್ತಂತ. ಜೀವಾ ಹಗರ ಆಗಿ ಹೋಗಲಿ."

"ಖರೇ ಅಲ್ಲ ಅದು" ಎಂದರು ತಂಗಡಗಿಯವರು.

"ಖರೇ ಯಾರಿಗೆ ಬೇಕ್ರಿ ಈಗ?" ಎಂದೆ ನಾನು. ಅಂಗಡಿಯವನ ಬುದ್ಧಿ.

ಅವರು ನನ್ನನ್ನು ನೋಡಿದ ನೋಟ ನನಗೆ ಹಿತವಾಗಲಿಲ್ಲ. ಆದರೂ ಒಳಗೆ ಹೋಗಿ ಮಂಚದ ಅಂಚಿಗೆ ಕುಳಿತರು. ಗೋಡೆಯ ಮೇಲೆ, ಟೀವಿಯ ಮೇಲ್ಗಡೆ, ಆ ಬಿಲ್ಲು ತೂಗುತ್ತಿತ್ತು. ಅದನ್ನೇ ನೋಡುತ್ತ, ಕಾಕಾನ ಕೈ ಹಿಡಿದು, ಬಹಳ ಕಷ್ಟದಿಂದ ಅಂದರು: "ಕೆಂಪ. ನಿಂದ ಮೊದಲ ಬಡದಿತ್ತು. ಹಂದಿ ನಿಂದು."

ಕಾಕಾ ಕಣ್ಣು ತೆರೆದರು.

"ಏನಂದಿ?"

"ಕೆಂಪ ಅಂದೆ."

ಕಾಕಾ ಕೈ ಕಿತ್ತುಕೊಂಡರು. ಮೊಣಕೈ ಊರಿ ಅರ್ಧ ಎದ್ದರು. "ಅಂದ್ರ ನಾ ಸಾಯಾಕತ್ತೇನಿ ಅಂತ ಹೇಳಾಕ ಬಂದಿ ನೀ! ಡಾಕ್ಟರ ಹೇಳಿಲ್ಲ, ನೀ ಹೇಳ್ತಿಯೇನ? ಭಿಕ್ಷಾ ಹಾಕಾಕ ಬಂದಾನ ನೋಡ್ರಿ ಇಂವ! ಹಂದಿ ನಂದ ಐತಿ, ಮೊದಲಿಂದಾನೂ ನಂದ. ನಂದಿದ್ದದ್ದ ನನಗ ಕೊಡಾಂವ ನೀ ಯಾವ ಊರ ದೇಸಾಯಿ? ಏಳ, ಮ್ಯಾಲ ಏಳ ನನ್ನ ಹಾಸಿಗಿ ಮ್ಯಾಲಿಂದ!" ಬೈಯುತ್ತ ಬೈಯುತ್ತ ಕೆಮ್ಮು ಬಂತು, ಕೆಮ್ಮಿನ ಜೊತೆ ಕಫ ಬಂತು, ಕಫ ಹೋದ ಮೇಲೆ ಹಸಿವೆ ಬಂತು. ಆ ಸಂಜೆ ಹಾಲಿನಲ್ಲಿ ರೊಟ್ಟಿ ಮುರಿದುಕೊಂಡು ತಿಂದರು. ಕೆಲವೇ ದಿನಗಳಲ್ಲಿ ಮತ್ತೆ ನನ್ನ ಬಾಕಿನ ಮೇಲೆ ಹಾಜರು. ನಾನು ಮಾರಿದ ಯಾವ ಔಷಧವೂ ಅಷ್ಟು ಗುಣ ತೋರಿದ್ದು ನನಗೆ ಗೊತ್ತಿಲ್ಲ.

ಆದರೆ ದೋಸ್ತನ ಜೊತೆ ಮಾತು ಬಿಟ್ಟರು. ತಂಗಡಗಿಯವರು ಬಂದು ಎದುರಿಗೆ ನಿಂತರೂ ಮುಖ ತಿರುಗಿಸಿ ಕೂರುವರು. ಚಹಾ ತರಿಸಿದರೆ ಮುಟ್ಟುತ್ತಿರಲಿಲ್ಲ. ಬಾಕಿನ ಮೇಲೆ ಹಂದಿಯ ಕಥೆಯೂ ನಿಂತಿತು. ಇದು ಹೀಗೇ ನಡೆದು, ಒಂದು ದಿನ ತಂಗಡಗಿಯವರು ಚೀಲವನ್ನು ನನ್ನ ಕಟ್ಟೆಯ ಮೇಲಿಟ್ಟು, ಗಂಟಲು ಸರಿ ಮಾಡಿಕೊಂಡು, ಕಾಕಾನ ಬೆನ್ನಿಗೆ ಅಂದರು: "ಹಸರ."

ಕಾಕಾ ಗಿರಕ್ಕನೆ ತಿರುಗಿದರು. ಅವರ ಮುಖದ ಮೇಲೆ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. "ಹಾಂ! ಈಗ ಬಂತ ನೋಡ ಮಾತು! ಲೇ, ನಿನ್ನ ಹಸರಿನ ಮಾತ ಹೇಳತೇನಿ ಕೇಳ" ಎಂದು ಶುರು ಮಾಡಿದವರು ಎರಡು ಬಸ್ಸು ತಪ್ಪಿಸಿಕೊಂಡರು. ಅಂದು ಚಹಾದ ದುಡ್ಡನ್ನು ಕಾಕಾ ತಾವೇ ಕೊಟ್ಟರು. ಇದು ಚರಿತ್ರೆಯಲ್ಲಿ ಮೊದಲ ಸಲ.

ಈ ಸಲದ ಸುಗ್ಗಿಯಲ್ಲಿ ಅವರು ಹೋದರು. ಹೊಲದಲ್ಲಿ ಹೊರಸಿನ ಮೇಲೆ ಕುಳಿತು, ಜೋಳದ ರಾಶಿ ನೋಡುತ್ತ, ಯಾರನ್ನೂ ಕರೆಯದೆ. ಯಾರಿಗೂ ಬಂದು ಕೈ ಹಿಡಿದು ಕೆಂಪು ಎನ್ನುವ ಅವಕಾಶ ಕೊಡಲಿಲ್ಲ. ತಂಗಡಗಿಯವರು ಬರುವ ಹೊತ್ತಿಗೆ ಮಣ್ಣು ಕೊಟ್ಟು ಆಗಿತ್ತು. ಬಂದವರು ಒಂದು ಮುಷ್ಟಿ ಮಣ್ಣು ಹಾಕಿ, ಅದೇ ಬಸ್ಸಿಗೆ ತಿರುಗಿ ಹೋದರು.

ದಿವಸದ ಕರ್ಮದ ದಿನ ನಾನೂ ಹೋಗಿದ್ದೆ. ಹೊಲದಲ್ಲೇ, ಜಾಲಿಯ ಗಿಡದ ಹತ್ತಿರ ಸಮಾಧಿ. ಅದರ ಮುಂದೆ ಬಾಳೆ ಎಲೆ ಹಾಸಿ ಎಡೆ ಇಟ್ಟಿದ್ದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ, ಒಂದು ಕಟ್ಟು ಬೀಡಿ, ಗುದ್ದಿದ ಉಳ್ಳಾಗಡ್ಡಿ. ನಾನು ಅಂಗಡಿಯಿಂದ ಒಂದು ಡಬ್ಬಿ ಮುಲಾಮು ಒಯ್ದಿದ್ದೆ. ಇಡಲೋ ಬೇಡವೋ ಎಂದು ನಾಚಿಕೊಂಡು ನಿಂತಾಗ ಕಾಕಿಯೇ ಇಸಿದುಕೊಂಡು ರೊಟ್ಟಿಯ ಪಕ್ಕಕ್ಕೆ ಇಟ್ಟರು. ನಡುವೆ ಮಗ ಕುರಿಯ ತಲೆಯನ್ನು ಬೇಯಿಸಿ ಇಡಿಯಾಗಿ ಇಟ್ಟಿದ್ದ. ಹಂದಿಯದಂತೂ ಸಿಗುವ ಹಾಗಿಲ್ಲ, ತಲೆ ಎಂದರೆ ತಲೆ ಎಂದ.

ಕಾಗೆ ಬಂದು ಎಡೆ ಮುಟ್ಟಿದರೆ ಹೋದ ಜೀವ ತೃಪ್ತವಾಯಿತು ಎಂದು ನಂಬಿಕೆ. ಮುಟ್ಟುವವರೆಗೆ ಮನೆಯವರು ಉಣ್ಣುವ ಹಾಗಿಲ್ಲ. ಎಲ್ಲರೂ ದೂರ ಸರಿದು ನಿಂತೆವು. ಜಾಲಿಯ ಮೇಲೆ ಕಾಗೆಗಳಿದ್ದವು. ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು, ಕೆಳಗೆ ಇಳಿಯಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಮಗ ಮುಂದೆ ಹೋಗಿ ಕೈ ಮುಗಿದು, "ಅಪ್ಪಾ, ಬಿಲ್ಲ ಯಾರಿಗೂ ಕೊಡಂಗಿಲ್ಲ, ಗ್ವಾಡಿ ಮ್ಯಾಲಿಂದ ತಗ್ಯಂಗಿಲ್ಲ" ಎಂದ. ಕಾಗೆ ಇಳಿಯಲಿಲ್ಲ. ಕಾಕಿ ಸೆರಗು ಬಾಯಿಗೆ ಹಿಡಿದು, "ಆ ಸೀರಿ ಮಾತ ಇನ್ನ ಎತ್ತಂಗಿಲ್ಲರೀ. ಬೇಕಾದ್ರ ಉಳದದ್ದೂ ಕಟ್ಟರಿ" ಎಂದು ಅತ್ತರು. ಅದಕ್ಕೂ ಇಳಿಯಲಿಲ್ಲ. ನಾನು ಮನಸ್ಸಿನಲ್ಲೇ, ಬಾಕು ತೆಗೆಯುವುದಿಲ್ಲ ಕಾಕಾ, ಎಂದುಕೊಂಡೆ. ಹಿರಿಯರೊಬ್ಬರು ಹಿಂದೆ ತಿರುಗಿ, ಒಡ್ಡಿನ ಮೇಲೆ ಒಬ್ಬರೇ ಕುಳಿತಿದ್ದ ತಂಗಡಗಿಯವರನ್ನು ಕರೆದರು.

"ನೀವರೇ ಒಂದ ಮಾತ ಹೇಳ್ರಿ. ಹಂದಿ ಅವರದು ಅಂತ ಅಂದಬಿಡ್ರಿ. ಹುಡುಗರು ಹಸದಾವ."

"ಒಮ್ಮೆ ಅಂದು ಬೈಸ್ಕೊಂಡೇನಿ" ಎಂದರು ಅವರು.

ಆದರೂ ಎದ್ದರು. ಚಪ್ಪಲಿ ಬಿಟ್ಟು, ಸಮಾಧಿಯ ಹತ್ತಿರ ಹೋಗಿ, ಎಡೆಯ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತರು. ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು. ನಾವೆಲ್ಲ ಕೆಂಪು ಎಂಬ ಮಾತಿಗೆ ಕಾಯುತ್ತಿದ್ದೆವು.

"ಹಸರ" ಎಂದರು.

ಕಾಕಿ ಹಣೆ ಬಡಿದುಕೊಂಡರು. ತಂಗಡಗಿಯವರ ದನಿ ಏರಿತು. "ಕೇಳಸಲಿಲ್ಲೇನ? ಹಸರ ಮೊದಲ ಬಡದದ್ದು! ಪಕ್ಕೆಗೆ ಬಡದದ್ದಕ್ಕ ಕುತಗಿ ಎತ್ತಿತ್ತು ಅದು. ಅಲ್ಲ ಅಂತಿದ್ರ ಬಾ. ಬಾರಲೇ, ಎದ್ದ ಬಂದ ಹೇಳ. ಯಾರ ಮುಂದ ಆಡ್ಲಿ ನಾ ಇನ್ನ ಈ ಮಾತ?"

ಜಾಲಿಯ ಮೇಲಿಂದ ಒಂದು ಕಾಗೆ ಇಳಿಯಿತು. ರೊಟ್ಟಿಯನ್ನು ದಾಟಿತು, ಹೋಳಿಗೆಯನ್ನು ದಾಟಿತು. ಮುಲಾಮಿನ ಡಬ್ಬಿಯ ಹತ್ತಿರ ಒಂದು ಗಳಿಗೆ ನಿಂತು ಓರೆಯಾಗಿ ನೋಡಿತು. ಆಮೇಲೆ ನೇರ ನಡುವಿಗೆ ಹೋಗಿ ತಲೆಗೆ ಕೊಕ್ಕು ಹಾಕಿತು.

ಜನ ನಿಟ್ಟುಸಿರು ಬಿಟ್ಟರು. ಊಟಕ್ಕೆ ಏಳಿ ಎಂದು ಯಾರೋ ಕೂಗಿದರು. ತಂಗಡಗಿಯವರು ಕುಳಿತಲ್ಲೇ ಕುಳಿತಿದ್ದರು, ಕಣ್ಣಿನಿಂದ ಧಾರೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗ ಆ ತಲೆಯನ್ನು ಎಲೆಯ ಸಮೇತ ಎತ್ತಿ ಅವರ ಮುಂದೆ ಹಿಡಿದ. "ಕಾಕಾ, ಇದು ನಿಮ್ಮ ಮನಿಗೆ ಹೋಗಬೇಕು. ನೀವ ಒಯ್ಯಿರಿ."

ಅವರು ತಲೆ ಅಲ್ಲಾಡಿಸಿದರು.

"ಮೊದಲ ಅಂವ ಮುಟ್ಟ್ಯಾನ. ಕಾಯ್ದಿ ಪ್ರಕಾರ ತಲಿ ಅಂವಂದು" ಎಂದರು. ಎದ್ದು, ಚಪ್ಪಲಿ ಮೆಟ್ಟಿ, ಒಂದೆರಡು ಹೆಜ್ಜೆ ಹೋದವರು ಸಮಾಧಿಯ ಕಡೆ ತಿರುಗಿ ನಿಂತರು.

"ಹಂದಿ ನಂದು."